ಕರ್ಣಶಂಖದೊಳಗಿನ ಅಲೆ

ಹೊರಗಿವಿಯನ್ನು ಹೊಕ್ಕ ನಾದವು ಕರ್ಣಪಟಲವನ್ನು ನಡುಗಿಸಿ, ಮೂರು ಕಿರುಮೂಳೆಗಳ ಮೂಲಕ ಒಳಗಿವಿಯನ್ನು ಸೇರುವುದೆಂಬುದು ಶರೀರಶಾಸ್ತ್ರದ ಮೊದಲ ಪಾಠ. ಅಲ್ಲಿಂದ ಮುಂದೆ, ಬಸವನಹುಳುವಿನ ಚಿಪ್ಪಿನಂತೆ ಸುರುಳಿಗೊಂಡಿರುವ ಕರ್ಣಶಂಖದಲ್ಲಿ, ತಾರಸ್ವರವೂ ಮಂದ್ರಸ್ವರವೂ ಬೇರೆ ಬೇರೆಯಾಗಿ ತೋರುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರ ಬಹುಕಾಲ ಸಿಕ್ಕಲಿಲ್ಲ.

ಒಳಗಿವಿಯಲ್ಲಿ ಗಾಳಿ ತುಂಬಿದೆಯೆಂಬ ಗ್ರೀಕರ ನಂಬಿಕೆ ಸುಮಾರು ಎರಡು ಸಾವಿರ ವರ್ಷ ಬಾಳಿತು. ಅಲ್ಲಿರುವುದು ದ್ರವವೆಂದು ಇಟಲಿಯ ಕೊತುನ್ಯೊ 18ನೆಯ ಶತಮಾನದಲ್ಲಿ ತೋರಿಸಿದನು. 1851ರಲ್ಲಿ ಆಲ್ಫೊನ್ಸೊ ಕೋರ್ತಿ ರೋಮಕೋಶಗಳ ಸಾಲುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದನು. ಮುಂದೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್, ಶಂಖದೊಳಗಿನ ತಳಪಟಲದ ನಾರುಗಳು ಪಿಯಾನೋ ತಂತಿಗಳಂತೆ ತಮ್ಮ ತಮ್ಮ ಸ್ವರಕ್ಕೆ ಮಿಡಿಯುವುವೆಂದು ಪ್ರತಿಪಾದಿಸಿದನು. ಒಂದು ತಂಬೂರಿಯನ್ನು ಮೀಟಿದಾಗ ಪಕ್ಕದ ತಂಬೂರಿ ತಾನಾಗಿ ಗುಂಯ್‌ಗುಡುವುದನ್ನು ಕಂಡವರಿಗೆ ಈ ಕಲ್ಪನೆಯ ಸೊಬಗನ್ನು ವಿವರಿಸಬೇಕಾಗಿಲ್ಲ.

ಆದರೆ ಕಣ್ಣಾರೆ ಕಂಡವರಾರು? ಆ ಕೆಲಸ ಬುಡಾಪೆಸ್ಟಿನ ಗೆಯೋರ್ಗ್ ಫಾನ್ ಬೇಕೆಶಿಯ ಪಾಲಿಗೆ ಬಂತು. ಆತನು ವೈದ್ಯನಲ್ಲ; ಹಂಗೆರಿಯ ದೂರವಾಣಿ ಸಂಶೋಧನಾಲಯದ ಭೌತವಿಜ್ಞಾನಿ. ದೂರವಾಣಿ ಜಾಲದ ಕೊನೆಯ ಯಂತ್ರ ಕಿವಿಯೇ ಅಲ್ಲವೆ! ಶವಗಳಿಂದ ತೆಗೆದ ಕರ್ಣಾಸ್ಥಿಯನ್ನು ನೀರಿನೊಳಗೆ ನವುರಾಗಿ ಕೊರೆದು, ಪಟಲದ ಮೇಲೆ ಬೆಳ್ಳಿಯ ಕಣಗಳನ್ನು ಉದುರಿಸಿ, ಬಿಟ್ಟುಬಿಟ್ಟು ಬೆಳಗುವ ದೀಪದಲ್ಲಿ ಅದರ ಚಲನೆಯನ್ನು ನೋಡಿದನು. ಕಂಡದ್ದು ತಂತಿಗಳ ಮಿಡಿತವಲ್ಲ, ಬುಡದಿಂದ ತುದಿಗೆ ಸಾಗುವ ಅಲೆ. ಸುಮಾರು 35 ಮಿಲಿಮೀಟರ್ ಉದ್ದದ ಆ ಪಟಲದಲ್ಲಿ ತಾರಸ್ವರದ ಅಲೆ ಬುಡದ ಬಳಿಯೇ ಉಬ್ಬಿ ಅಡಗುವುದು. ಮಂದ್ರದ್ದು ತುದಿಯವರೆಗೆ ಹೋಗುವುದು. ಇದಕ್ಕಾಗಿ ಅವನಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಆದರೂ ಒಂದು ತೊಡಕು ಉಳಿಯಿತು. ಬೇಕೆಶಿ ಕಂಡ ಉಬ್ಬು ತೀರ ಅಗಲವಾದುದು; ಅಷ್ಟರಿಂದ ನಮ್ಮ ಕಿವಿಯ ಸೂಕ್ಷ್ಮ ಸ್ವರಜ್ಞಾನಕ್ಕೆ ಸಮಾಧಾನ ದೊರೆಯದು. 1948ರಲ್ಲೇ ಕೇಂಬ್ರಿಜ್ಜಿನ ತರುಣ ಥಾಮಸ್ ಗೋಲ್ಡ್, ದ್ರವದ ಜಿಗುಟು ಕಂಪನವನ್ನು ನುಂಗಬೇಕಾದುದರಿಂದ ಕಿವಿಯೇ ಅದಕ್ಕೆ ಶಕ್ತಿಯೂಡುತ್ತಿರಬೇಕೆಂದೂ, ಹಾಗಿದ್ದರೆ ಕಿವಿಯೂ ಸದ್ದು ಮಾಡಬಹುದೆಂದೂ ವಾದಿಸಿದ್ದನು. ಆ ಮಾತಿಗೆ ಅಂದು ಮನ್ನಣೆ ದೊರೆಯಲಿಲ್ಲ. 1971ರಲ್ಲಿ ಅಮೆರಿಕದ ರೋಡ್ ಜೀವಂತ ಕೋತಿಗಳ ಪಟಲವನ್ನು ಅಳೆದಾಗ, ಪ್ರಾಣ ಹೋದೊಡನೆ ಅದರ ಚುರುಕು ಕುಗ್ಗುವುದು ತಿಳಿಯಿತು. ಬೇಕೆಶಿಯ ಕಣ್ಣು ತಪ್ಪಿರಲಿಲ್ಲ. ಅವನ ಎದುರಿಗಿದ್ದದ್ದು ಸತ್ತ ಕಿವಿ, ಅಷ್ಟೆ. 1978ರಲ್ಲಿ ಲಂಡನ್ನಿನ ಡೇವಿಡ್ ಕೆಂಪ್ ಕಿವಿಯಿಂದ ಹೊರಬರುವ ಕ್ಷೀಣವಾದ ಸದ್ದನ್ನು ಧ್ವನಿಗ್ರಾಹಕದಲ್ಲಿ ಹಿಡಿದನು. ನವಜಾತ ಶಿಶುಗಳ ಶ್ರವಣಪರೀಕ್ಷೆಯಲ್ಲಿ ಇಂದು ಹುಡುಕುವುದು ಆ ಸದ್ದನ್ನೇ.