ಮಂತ್ರಿಯ ಮುಂದಿನ ಕಾಲಾಳು

ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿ ಆರಂಭಿಸುವ ಚದುರಂಗದಾಟಗಳಲ್ಲಿ ಬಿಳಿಯ ಬಿರುಸಿನ ದಾಳಿಗಳಲ್ಲೊಂದು ‘ನಾಲ್ಕು ಕಾಲಾಳುಗಳ ದಾಳಿ’. ಕಪ್ಪು ‘ಕಿಂಗ್ಸ್ ಇಂಡಿಯನ್’ ರಕ್ಷಣೆಗೆ ನಿಂತಾಗ ಬಿಳಿಯು ಸಿ, ಡಿ, ಇ, ಎಫ್ ಸಾಲುಗಳ ಕಾಲಾಳುಗಳನ್ನು ನಾಲ್ಕನೇ ಅಡ್ಡಸಾಲಿಗೆ ತಂದು ಗೋಡೆಯಂತೆ ನಿಲ್ಲಿಸುತ್ತದೆ. ಒಂದೊಂದು ಕಾಲಾಳೂ ಒಂದೇ ನಡೆಯಲ್ಲಿ ಎರಡು ಮನೆ ದಾಟುವುದರಿಂದ ಇದು ನಾಲ್ಕು ನಡೆಯ ಕೆಲಸ. ಹಳೆಯ ದೇಶಿ ಚದುರಂಗದಲ್ಲಾದರೆ ಎಂಟು ನಡೆ ಬೇಕಿತ್ತು. ಈ ದಾಳಿಯ ಚರಿತ್ರೆ ಆ ಎರಡು ಹೆಜ್ಜೆಯ ಚರಿತ್ರೆಯೂ ಹೌದು.

ಕರ್ನಾಟಕದಲ್ಲಿ ಚದುರಂಗಕ್ಕೆ ಸಿಗುವ ಹಳೆಯ ಲಿಖಿತ ಆಧಾರಗಳಲ್ಲಿ ‘ಮಾನಸೋಲ್ಲಾಸ’ ಮುಖ್ಯವಾದುದು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ಈ ಸಂಸ್ಕೃತ ಗ್ರಂಥ ರಾಜರ ವಿನೋದಗಳ ನಡುವೆ ಚದುರಂಗವನ್ನೂ ವಿವರಿಸುತ್ತದೆ. ಹಳೆಯ ಆಟದಲ್ಲಿ ಮಂತ್ರಿ ಓರೆಯಾಗಿ ಒಂದೇ ಮನೆ ಸರಿಯುತ್ತಿದ್ದ. ಸೈನ್ಯ ನಿಧಾನವಾಗಿ ಮುಂದೊತ್ತುತ್ತಿತ್ತು.

ಕಾಲಾಳಿನ ಮೊದಲ ನಡೆಗೆ ಎರಡು ಮನೆ ಎಂಬ ನಿಯಮ ಯುರೋಪಿನಲ್ಲಿ 13ನೇ ಶತಮಾನದ ಹೊತ್ತಿಗೆ ಕಾಣಿಸಿಕೊಂಡಿತು. 15ನೇ ಶತಮಾನದ ಕೊನೆಯಲ್ಲಿ, ಅಲ್ಲಿ ಮಂತ್ರಿಯ ಸ್ಥಾನದಲ್ಲಿದ್ದ ರಾಣಿ ಎಲ್ಲ ದಿಕ್ಕಿಗೂ ದೂರ ಓಡುವ ಬಲ ಪಡೆಯಿತು. ಆ ಕಾಲದ ಗಟ್ಟಿಂಗನ್ ಹಸ್ತಪ್ರತಿಯಲ್ಲೇ ಡಿ4, ಸಿ4 ನಡೆಗಳ ‘ಕ್ವೀನ್ಸ್ ಗ್ಯಾಂಬಿಟ್’ ಇದೆ.

ಭಾರತದಲ್ಲಿ ಮಂತ್ರಿಗೆ ಹೊಸ ಬಲ ಬಂದ ಮೇಲೂ ಕಾಲಾಳು ಬಹುಮಟ್ಟಿಗೆ ಒಂದೇ ಹೆಜ್ಜೆಯದಾಗಿ ಉಳಿಯಿತು. ಕೆಲವೆಡೆ ಕೆಲವು ಕಾಲಾಳುಗಳಿಗಷ್ಟೇ ಎರಡು ಮನೆಯ ಸಲಿಗೆ ಇತ್ತು. ರಾಜನಿಗೆ ಆಟದಲ್ಲಿ ಒಮ್ಮೆ ಕುದುರೆಯಂತೆ ಹಾರುವ ಹಕ್ಕಿತ್ತು. ಕಡೆಯ ಮನೆ ಮುಟ್ಟಿದ ಕಾಲಾಳು ಸಾಮಾನ್ಯವಾಗಿ ಆ ಸಾಲಿನ ಒಡೆಯನ ಪದವಿಯನ್ನೇ ಪಡೆಯುತ್ತಿತ್ತು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಮಣೆಯಾಟಗಳನ್ನು ವಿದ್ಯೆಯಂತೆ ಬೆಳೆಸಿದರು. 1831ರಲ್ಲಿ ಆಡಳಿತ ಬ್ರಿಟಿಷರ ಕೈಸೇರಿದ ಮೇಲೆ ಅವರ ಆಸಕ್ತಿ ಸಾಹಿತ್ಯ, ಕಲೆ, ಆಟಗಳತ್ತ ಹರಿಯಿತು. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲು. ಒಂದು ಮನೆಯನ್ನೂ ಮತ್ತೆ ತುಳಿಯದೆ ಕುದುರೆಯನ್ನು 64 ಮನೆ ಸುತ್ತಿಸುವ ಬಂಧಗಳನ್ನು ಅವರು ರಚಿಸಿದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಅವರ ಆಟಗಳ ಚಿತ್ರಗಳಿವೆ.

ದೇಶಿ ಅಭ್ಯಾಸ ಯುರೋಪಿನ ನಿಯಮಕ್ಕೆ ಮುಖಾಮುಖಿಯಾದದ್ದು ಕಲ್ಕತ್ತೆಯಲ್ಲಿ. 19ನೇ ಶತಮಾನದ ನಡುವೆ ಬಂಗಾಳದ ಆಟಗಾರ ಮಹೇಶ್ಚಂದ್ರ ಬ್ಯಾನರ್ಜಿ ಬ್ರಿಟಿಷ್ ಆಟಗಾರ ಜಾನ್ ಕಾಕ್ರೇನ್ ಜೊತೆ ನೂರಾರು ಆಟ ಆಡಿದರು. ಎರಡು ಹೆಜ್ಜೆಯ ಅನುಮತಿ ಇದ್ದರೂ ಬ್ಯಾನರ್ಜಿ ಕಾಲಾಳನ್ನು ಒಂದೇ ಮನೆ ಸರಿಸಿ, ಕುದುರೆಯನ್ನು ಎಫ್6ಕ್ಕೂ ಒಂಟೆಯನ್ನು ಜಿ7ಕ್ಕೂ ತರುತ್ತಿದ್ದರು. ಇಂಥ ನಡೆಗಳ ರಕ್ಷಣೆಗಳಿಗೇ ಮುಂದೆ ‘ಇಂಡಿಯನ್’ ಎಂಬ ಹೆಸರು ಅಂಟಿತು.

20ನೇ ಶತಮಾನದಲ್ಲಿ ಈ ರಕ್ಷಣೆಗಳು ಮನ್ನಣೆ ಪಡೆದಂತೆ ಅವನ್ನು ಒಡೆಯುವ ಅಸ್ತ್ರಗಳೂ ಹರಿತಗೊಂಡವು. ನಾಲ್ಕು ಕಾಲಾಳುಗಳ ದಾಳಿ ಅಂಥದ್ದು. ಬಿಳಿಗೆ ಜಾಗ ಧಾರಾಳ, ಆದರೆ ಮುಂದೆ ಹೋದ ಕಾಲಾಳು ಹಿಂದಕ್ಕೆ ಬಾರದು. ಕಪ್ಪು ಸಿ5 ಆಡಿ ಗೋಡೆಯ ಬುಡಕ್ಕೆ ಕೈಹಾಕುತ್ತದೆ. ಜಿ7ರ ಒಂಟೆ ಡಿ4ರ ಕಾಲಾಳಿನ ಮೇಲೆ ಕಣ್ಣಿಟ್ಟಿರುತ್ತದೆ. ಬಿಳಿಯ ಕಾಯಿಗಳು ಬೆಂಬಲಕ್ಕೆ ಬರುವುದು ತಡವಾದರೆ ಗೋಡೆ ಕುಸಿಯುತ್ತದೆ.