ಮೆಕ್ಕೆಜೋಳದ ಐದು ತುಣುಕು

2005ರಲ್ಲಿ ನಾನು ದಾವಣಗೆರೆಯ ವಿನೋಬನಗರದಲ್ಲಿ ರೂಮು ಮಾಡಿಕೊಂಡು ಬಿಇ ಓದುತ್ತಿದ್ದೆ. ಅಪ್ಪ ಊರಿಂದ ಮೆಕ್ಕೆಜೋಳ ಹೇರಿಕೊಂಡು ಎಪಿಎಂಸಿಗೆ ಬಂದರೆ ರೂಮಿಗೂ ಬಂದು ರೊಟ್ಟಿ ಗಂಟು ಕೊಟ್ಟು ಹೋಗೋರು. ಹತ್ತಿ ಗಿರಣಿಗಳಿಂದ ಹೆಸರಾಗಿದ್ದ ಊರು ಅಷ್ಟೊತ್ತಿಗೆ ಮೆಕ್ಕೆಜೋಳದ ಊರಾಗಿತ್ತು. ಅದೇ ವರ್ಷ ಸೆಪ್ಟೆಂಬರ್ 7ರಂದು ಅಮೆರಿಕದ ಕೋರ್ಟೊಂದು ಮೆಕ್ಕೆಜೋಳದ ಜೀನ್ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತ್ತು. ನನಗದು ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಪೇಟೆಂಟ್ ಬೇಕಂದ್ರೆ ಮೂರು ಮಾತು ಸಾಬೀತಾಗಬೇಕು: ವಸ್ತು ಹೊಸದಿರಬೇಕು, ಬಲ್ಲವರಿಗೂ ಸುಲಭಕ್ಕೆ ಹೊಳೆಯುವಂಥದ್ದಾಗಿರಬಾರದು, ಉಪಯೋಗಕ್ಕೆ ಬರಬೇಕು. ಯಂತ್ರ ಮಾಡಿದವನಿಗೆ ಮೂರನೆಯದು ಸಲೀಸು. ಜೀನ್ ವಿಷಯದಲ್ಲಿ ಅದೇ ತೊಡಕು.

1991ರಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಎನ್ಐಎಚ್, ತನ್ನ ವಿಜ್ಞಾನಿ ಕ್ರೇಗ್ ವೆಂಟರ್ ಓದಿದ್ದ ನೂರಾರು ಜೀನ್ ತುಣುಕುಗಳಿಗೆ ಪೇಟೆಂಟ್ ಕೇಳಿತು. ಇವುಗಳಿಗೆ ಇಎಸ್‌ಟಿ ಅಂತ ಹೆಸರು. ಬಹುಪಾಲು ತುಣುಕುಗಳು ಏನು ಕೆಲಸ ಮಾಡ್ತಾವೆ ಅಂತ ಅವರಿಗೇ ಗೊತ್ತಿರಲಿಲ್ಲ. ನಮ್ಮ ಭಾಷೇಲಿ ಹೇಳಬೇಕಂದ್ರೆ, ಯಾರದೋ ದೊಡ್ಡ ಪ್ರೋಗ್ರಾಮಿನಿಂದ ನಾಲ್ಕು ಸಾಲು ಕಾಪಿ ಮಾಡಿ, ಅದೇನು ಮಾಡುತ್ತೆ ಅಂತ ತಿಳಿಯದೇ ಹಕ್ಕು ಕೇಳಿದ ಹಾಗೆ! ಡಿಎನ್ಎ ರಚನೆ ಕಂಡವರಲ್ಲೊಬ್ಬರಾದ ಜೇಮ್ಸ್ ವಾಟ್ಸನ್ ಇದನ್ನು ಕಟುವಾಗಿ ವಿರೋಧಿಸಿದರು. ಪೇಟೆಂಟ್ ಕಚೇರಿ ಒಪ್ಪಲಿಲ್ಲ. 1994ರಲ್ಲಿ ಎನ್ಐಎಚ್ ಅರ್ಜಿ ಕೈಬಿಟ್ಟಿತು.

ಆದರೆ ಖಾಸಗಿ ಕಂಪನಿಗಳ ಅರ್ಜಿಗಳು ನಿಲ್ಲಲಿಲ್ಲ. ಕೊನೆಗೆ 2001ರ ಜನವರಿಯಲ್ಲಿ ಪೇಟೆಂಟ್ ಕಚೇರಿ ನಿಯಮ ಬಿಗಿ ಮಾಡಿತು: ಉಪಯೋಗ ಆ ವಸ್ತುವಿಗೇ ನಿರ್ದಿಷ್ಟವಾಗಿರಬೇಕು, ನಿಜವಾದ ಪ್ರಯೋಜನ ಇರಬೇಕು, ನಂಬುವಂತಿರಬೇಕು. ಜೀನ್ ಬದಲಿಸಿದ ಇಲಿಯನ್ನು ಹಾವಿಗೆ ತಿನ್ನಿಸಬಹುದು ಅನ್ನೋದೂ ಉಪಯೋಗವೇ, ಆದರೆ ಅದು ನಡೆಯಲ್ಲ. ಹಾವಿಗೆ ಯಾವ ಇಲಿಯಾದರೇನು?

ಈ ಹೊಸ ಅಳತೆಗೋಲಿಗೆ ಸಿಕ್ಕಿದ್ದೇ ಮೆಕ್ಕೆಜೋಳ. ಮೊನ್ಸಾಂಟೋಗೆ ಸೇರಿದ್ದ, ಫಿಷರ್ ಮತ್ತು ಲಾಲ್ಗುಡಿ ಎಂಬಿಬ್ಬರ ಅರ್ಜಿಯಲ್ಲಿ ಮೆಕ್ಕೆಜೋಳದ ಐದು ತುಣುಕುಗಳಿಗೆ ಹಕ್ಕು ಕೇಳಲಾಗಿತ್ತು. ಏಳು ಉಪಯೋಗ ಪಟ್ಟಿ ಮಾಡಿದ್ದರು: ಜೀನೋಮಿನ ನಕ್ಷೆಗೆ ಗುರುತು, ತಳಿಗಳ ವ್ಯತ್ಯಾಸ ಹುಡುಕಲು, ಹೀಗೆ. ಇದೂ ಸೂಕ್ಷ್ಮದರ್ಶಕದಂಥ ಸಾಧನ ಅಂತ ವಾದಿಸಿದರು. ಕೋರ್ಟು ಹೇಳಿದ್ದು: ಸೂಕ್ಷ್ಮದರ್ಶಕ ತೋರಿಸೋದು ಬೇರೆ ವಸ್ತುವಿನ ವಿಷಯ, ಈ ತುಣುಕು ತೋರಿಸೋದು ತನ್ನಂಥದೇ ತುಣುಕು ಅಲ್ಲಿದೆ ಅಂತಷ್ಟೇ. ಆ ಏಳು ಉಪಯೋಗ ಮೆಕ್ಕೆಜೋಳದ ಯಾವ ತುಣುಕಿಗಾದರೂ ಹೊಂದುತ್ತವೆ. ಜೀನ್ ಮಾಡುವ ಕೆಲಸ ಗೊತ್ತಿಲ್ಲದೆ ಪೇಟೆಂಟ್ ಇಲ್ಲ. ಮೂವರಲ್ಲಿ ಒಬ್ಬ ನ್ಯಾಯಮೂರ್ತಿ, ರೇಡರ್, ಒಪ್ಪಲಿಲ್ಲ. ಸಂಶೋಧನೆಯ ಸಾಧನವೂ ಉಪಯೋಗವೇ ಅಂತ ಅವರ ವಾದ. ಅದರಲ್ಲೂ ಹುರುಳಿಲ್ಲದಿಲ್ಲ.

ನಮ್ಮ ಕಾನೂನು ಇದಕ್ಕೂ ಮೊದಲೇ ಬಾಗಿಲು ಹಾಕುತ್ತೆ: ಪ್ರಕೃತಿಯಲ್ಲಿ ಇದ್ದದ್ದನ್ನು ಬರೀ ಕಂಡುಹಿಡಿದರೆ ಪೇಟೆಂಟ್ ಇಲ್ಲ. 2002ರ ತಿದ್ದುಪಡಿ ಸಸ್ಯ, ಬೀಜ, ತಳಿಗಳನ್ನೂ ಹೊರಗಿಟ್ಟಿತು.

ಆ ಐದು ತುಣುಕಿಗೆ ಹಕ್ಕು ಸಿಕ್ಕಿದ್ದರೆ, ಅವುಗಳ ಕೆಲಸ ಪತ್ತೆಹಚ್ಚಲು ಹೊರಟ ಅಲ್ಲಿನ ವಿಜ್ಞಾನಿ ಮೊದಲು ಅನುಮತಿ ಕೇಳಬೇಕಿತ್ತು, ಏನೂ ಪತ್ತೆಹಚ್ಚದವರ ಹತ್ತಿರ. ಹೊಸ ಬೀಜದ ಪಾಕೀಟು ನೋಡಿದಾಗೆಲ್ಲ ಅಪ್ಪ ಅಂಗಡಿಯವನಿಗೆ ಕೇಳೋದು ಒಂದೇ ಮಾತು: "ಇದರಿಂದ ಏನು ಉಪಯೋಗ, ಅದು ಹೇಳಪ." ಕೋರ್ಟು ಕೇಳಿದ್ದೂ ಅಷ್ಟೇ.