ಜೋಳದ ನಾಡಿನ ಮನೆವಾರ್ತೆ

ಮಿತವ್ಯಯವೆಂಬ ಮಾತನ್ನು ಕೇಳಿದೊಡನೆಯೇ ಪಟ್ಟಣವಾಸಿಗಳಾದ ನಮ್ಮ ಮನಸ್ಸು ತಟ್ಟೆಯ ಕಡೆಗೆ ಹೋಗುತ್ತದೆ. ತುಪ್ಪವನ್ನು ಕಡಮೆ ಬಡಿಸಬೇಕು, ತರಕಾರಿಯನ್ನು ಚೌಕಾಶಿ ಮಾಡಿ ತರಬೇಕು, ಕಾಫಿಯ ಹಾಲನ್ನು ಅಳೆದು ಹಾಕಬೇಕು ಎಂದು ನಾವು ಲೆಕ್ಕ ಹಾಕುತ್ತೇವೆ. ತಿಂಗಳ ಮೊದಲ ವಾರದಲ್ಲಿ ಕೈ ಸಡಿಲವಾಗಿ, ಕೊನೆಯ ವಾರದಲ್ಲಿ ಬಿಗಿಯಾಗುವುದು ನಮ್ಮಲ್ಲಿ ಬಹುಮಂದಿಯ ಅನುಭವ. ಆದರೆ ಮಳೆ ತಪ್ಪುವುದೇ ವಾಡಿಕೆಯಾಗಿರುವ ಸೀಮೆಯಲ್ಲಿ ತಲೆತಲಾಂತರದಿಂದ ಸಂಸಾರ ನಡೆಸಿದ ಜನರು ಈ ವಿದ್ಯೆಯನ್ನು ಬೇರೆ ಬಗೆಯಲ್ಲಿ ಕಲಿತಿದ್ದರು. ಅವರ ಮಿತವ್ಯಯ ಕಣದಲ್ಲಿ ರಾಶಿಯಾದ ದಿನವೇ ಮೊದಲಾಗುತ್ತಿತ್ತು. ಅವರ ಆಯವ್ಯಯದ ಅವಧಿ ಒಂದು ಸುಗ್ಗಿಯಿಂದ ಮತ್ತೊಂದು ಸುಗ್ಗಿಯವರೆಗೆ, ಕೆಲವೊಮ್ಮೆ ಅದಕ್ಕೂ ಆಚೆಗೆ ಚಾಚಿಕೊಂಡಿರುತ್ತಿತ್ತು. ಅಂಥ ಒಂದು ಸೀಮೆಯ ಅಡುಗೆಮನೆಯ ಚರಿತ್ರೆಯನ್ನು ಇಂದು ನಾವು ವಿಚಾರಿಸೋಣ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ಈ ಐದು ತಾಲ್ಲೂಕುಗಳು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ. ತುಂಗಭದ್ರೆಯ ಬಲದಂಡೆಯಿಂದ ಹಿಡಿದು ಚಿತ್ರದುರ್ಗದ ಗಡಿಯವರೆಗೆ ಹಬ್ಬಿರುವ ಈ ಪ್ರದೇಶವನ್ನು 1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಆದುದರಿಂದಲೇ ಇದು ದತ್ತಮಂಡಲವೆನಿಸಿತು. ಮುಂದೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ಸಂಸ್ಥಾನವನ್ನು ಸೇರಿತು. ಆಳಿದವರು ಬದಲಾದರೂ ಮಳೆಯ ಸ್ವಭಾವ ಮಾತ್ರ ಬದಲಾಗಲಿಲ್ಲ. ವರ್ಷಕ್ಕೆ ಸಾಧಾರಣವಾಗಿ 20ರಿಂದ 25 ಅಂಗುಲ, ಅದೂ ಹೊತ್ತಿಗೆ ಬಂದರೆ. ಹೊಳೆಯ ಕಡೆಗೆ ಎರೆಯ ಭೂಮಿ, ಕೂಡ್ಲಿಗಿಯ ಕಡೆಗೆ ಕಲ್ಲು ಬೆರೆತ ಕೆಂಪು ಮಸಾರಿ. ಇಲ್ಲಿ ಭತ್ತವು ಕೆರೆಯ ಹಿಂದಣ ತುಂಡುಭೂಮಿಯ ಬೆಳೆ. ಮನೆ ನಡೆಸಿದ ಧಾನ್ಯಗಳೆಂದರೆ ಜೋಳ, ನವಣೆ, ಸಜ್ಜೆ, ಸಾಮೆ. ದಕ್ಷಿಣಕ್ಕೆ ಸರಿದಂತೆ ರಾಗಿ. ಅವುಗಳ ಜೊತೆಗೆ ಬಡವರ ಬಂಧುವಾದ ಹುರುಳಿ.

ಇಂಥ ಭೂಮಿಯಲ್ಲಿ ಒಂದು ವರ್ಷದ ಬೆಳೆಯನ್ನು ಒಂದೇ ವರ್ಷದ ಆದಾಯವೆಂದು ಎಣಿಸುವವನು ಕೆಡುತ್ತಿದ್ದನು. ಕಣದಲ್ಲಿ ತೂರಿ ರಾಶಿ ಮಾಡಿದ ಮೇಲೆ ಮೊದಲು ಆಯಗಾರರ ಪಾಲು ಹೋಗುತ್ತಿತ್ತು. ಬಡಗಿ, ಕಮ್ಮಾರ, ಮಡಿವಾಳ, ಕುಂಬಾರ ಮೊದಲಾದವರು ವರ್ಷವಿಡೀ ಮಾಡಿದ ಕೆಲಸಕ್ಕೆ ಕಾಳೇ ಕೂಲಿ. ಕಂದಾಯಕ್ಕೆಂದು ಮಾರುವ ಭಾಗ ಬೇರೆ, ಬಿತ್ತನೆಗೆ ಆರಿಸಿಟ್ಟ ತೆನೆ ಬೇರೆ. ಉಳಿದುದರಲ್ಲಿ ಮನೆಗೆ ಬೇಕಾದುದನ್ನು ತೆಗೆದಿಟ್ಟು, ಮಿಕ್ಕ ಜೋಳವನ್ನು ಹಗೇವಿಗೆ ಹಾಕುತ್ತಿದ್ದರು.

ಹಗೇವು ಎಂದರೆ ನೆಲದೊಳಗಿನ ಕಣಜ. ನೀರು ನಿಲ್ಲದ ಗಟ್ಟಿ ನೆಲವನ್ನು ಹುಡುಕಿ, ಬಾಯಿ ಕಿರಿದಾಗಿಯೂ ಒಡಲು ಅಗಲವಾಗಿಯೂ ಇರುವಂತೆ ತೋಡಿ, ತಳಕ್ಕೂ ಮಗ್ಗುಲಿಗೂ ಒಣಹುಲ್ಲನ್ನು ಹೊದಿಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳೂ ಹುಳುವೂ ಉಸಿರಾಡಿ ಅಲ್ಲಿಯ ಪ್ರಾಣವಾಯು ತೀರಿದ ಮೇಲೆ ಹುಳು ಬದುಕದು, ಕಾಳು ಬಹುಕಾಲ ಉಳಿಯುತ್ತದೆ. ಇಂದಿನ ಶಾಸ್ತ್ರಜ್ಞರು ಗಾಳಿಯಾಡದ ಸಂಗ್ರಹವೆಂದು ಕರೆಯುವ ಪದ್ಧತಿ ಇದೇ. ಹಗೇವನ್ನು ತೆರೆದಾಗ ಒಡನೆಯೇ ಇಳಿಯಬಾರದು. ಗಾಳಿಯಾಡಲು ಬಿಟ್ಟು, ಮೊದಲು ಹಗ್ಗದಲ್ಲಿ ದೀಪವನ್ನು ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯನೂ ಉಳಿಯಲಾರನೆಂದು ಅವರು ಬಲ್ಲರು. ಮಗ್ಗುಲಿನ ಕಾಳು ತೇವ ಹೀರಿ ಬಣ್ಣಗೆಟ್ಟು ವಾಸನೆ ಹಿಡಿಯುವುದುಂಟು. ಅದನ್ನು ಬೇರೆ ತೆಗೆದು ನಡುವಿನ ಕಾಳನ್ನು ಉಣ್ಣುತ್ತಿದ್ದರು. ಒಳ್ಳೆಯ ಬೆಳೆಯಾದ ವರ್ಷದ ಮಿಗುತಾಯವನ್ನು ಕೆಟ್ಟ ವರ್ಷಕ್ಕೆ ದಾಟಿಸುವ ಈ ಸೇತುವೆಯೇ ಅವರ ಬ್ಯಾಂಕು.

ಕಾಳು ಹಗೇವಿನಿಂದ ಒಳಮನೆಗೆ ಬಂದ ಮೇಲೆ ಅದರ ಒಡೆತನ ಹೆಂಗಸರದು. ಜೋಳದ ಹಿಟ್ಟು ಹಳತಾದರೆ ಕಹಿಯಾಗುತ್ತದೆ, ರೊಟ್ಟಿ ತಟ್ಟುವಾಗ ಒಡೆಯುತ್ತದೆ. ಆದುದರಿಂದ ಆಗಿಂದಾಗ್ಗೆ ಬೇಕಾದಷ್ಟನ್ನೇ ಬೆಳಗಿನ ಜಾವದಲ್ಲಿ ಬೀಸಿಕೊಳ್ಳಬೇಕು. ಸೇರಿನಲ್ಲಿ ಅಳೆದು ಮೊರಕ್ಕೆ ಸುರಿದು, ಕೇರಿ, ಬೀಸುಕಲ್ಲಿನ ಮುಂದೆ ಕುಳಿತ ಗೃಹಿಣಿಗೆ ಮನೆಯ ಉಗ್ರಾಣದ ಲೆಕ್ಕ ಬರೆಯದೆಯೇ ತಿಳಿದಿರುತ್ತಿತ್ತು. ತನ್ನ ತೋಳಿನ ಬಲದಿಂದ ಬೀಸಿದ ಹಿಟ್ಟನ್ನು ಯಾರೂ ದುಂದು ಮಾಡುವುದಿಲ್ಲ.

ಅಡುಗೆಯ ಕ್ರಮವನ್ನು ನೋಡಿದರೆ ಉರುವಲೂ ಎಣ್ಣೆಯೂ ಎಷ್ಟು ಎಚ್ಚರದಿಂದ ಉಳಿಯುತ್ತಿದ್ದುವೆಂಬುದು ಗೊತ್ತಾಗುತ್ತದೆ. ಕುದಿನೀರಿನಲ್ಲಿ ನಾದಿದ ಹಿಟ್ಟನ್ನು ತಟ್ಟಿ ಹೆಂಚಿನ ಮೇಲೆ ಹಾಕಿದರೆ ರೊಟ್ಟಿಗೆ ಎಣ್ಣೆಯ ಹನಿಯೂ ಬೇಡ. ಒಲೆಗೆ ಕುಳ್ಳು ಮತ್ತು ಹತ್ತಿಯ ಕಟ್ಟಿಗೆ. ಒಮ್ಮೆ ಒಲೆ ಹೊತ್ತಿಸಿದಾಗ ಹೆಚ್ಚು ರೊಟ್ಟಿಗಳನ್ನು ಸುಟ್ಟು ಒಣಗಿಸಿ ಖಟಿರೊಟ್ಟಿ ಮಾಡಿಟ್ಟರೆ ಅವು ವಾರಗಟ್ಟಲೆ ಕೆಡುವುದಿಲ್ಲ. ಮೈಲಾರದ ಭರತ ಹುಣ್ಣಿಮೆಯ ಜಾತ್ರೆಗೆ ಬಂಡಿ ಕಟ್ಟುವವರಿಗೂ, ಕೊಟ್ಟೂರಿನ ಗುರು ಬಸವೇಶ್ವರರ ತೇರಿಗೆ ಕಾಲ್ನಡೆಯಲ್ಲಿ ಹೊರಡುವವರಿಗೂ ಇದೇ ಬುತ್ತಿ. ಜೋಳವನ್ನು ಒಡೆದರೆ ನುಚ್ಚು, ಹಿಟ್ಟನ್ನು ತೆಳ್ಳಗೆ ಕಾಯಿಸಿ ಮಜ್ಜಿಗೆ ಬೆರೆಸಿದರೆ ಅಂಬಲಿ. ಹುರುಳಿಯನ್ನು ಬೇಯಿಸಿ ಬಸಿದರೆ ಕಟ್ಟಿನಿಂದ ಸಾರು, ಕಾಳಿನಿಂದ ಪಲ್ಯ. ಒಂದು ಒಲೆಗೆ ಎರಡು ಪದಾರ್ಥ. ಪಲ್ಲೆಗೆ ಪುಂಡಿಸೊಪ್ಪು, ಹೊಲದ ಬದುವಿನಲ್ಲಿ ತಾನಾಗಿ ಬೆಳೆದ ನಾನಾ ಸೊಪ್ಪುಗಳು. ಶೇಂಗಾ, ಗುರೆಳ್ಳು, ಅಗಸೆ ಇವುಗಳ ಪುಡಿಗಳು ಗಡಿಗೆಯಲ್ಲಿ ಸದಾ ಸಿದ್ಧ. ಜೋಳದ ಸೊಪ್ಪೆ ದನಕ್ಕೆ, ದನದ ಮಜ್ಜಿಗೆ ಮನೆಗೆ, ಸಗಣಿ ಒಲೆಗೂ ಹೊಲಕ್ಕೂ. ಸಂತೆಯಲ್ಲಿ ಕಾಸು ಕೊಟ್ಟು ಕೊಳ್ಳಬೇಕಾದುದು ಉಪ್ಪು, ಬೆಲ್ಲ ಮುಂತಾದ ಕೆಲವೇ ವಸ್ತುಗಳು. ರೂಪಾಯಿಯ ಖರ್ಚು ಸಣ್ಣದಾದುದರಿಂದಲೇ ಧಾರಣೆ ಏರಿಳಿದರೂ ಮನೆ ಅಲುಗುತ್ತಿರಲಿಲ್ಲ.

ಈ ಊಟವನ್ನು ಬಡವರ ಊಟವೆಂದು ಕಡೆಗಣಿಸಲಾಗದು. ಕೂನೂರಿನ ಪೋಷಣ ಸಂಶೋಧನಾಲಯದಿಂದ ಡಾಕ್ಟರ್ ಏಕ್ರಾಯ್ಡರು ಭಾರತೀಯ ಆಹಾರಗಳ ಪೋಷಕಾಂಶಗಳನ್ನು ಅಳೆದು 1937ರಲ್ಲಿ ಪ್ರಕಟಿಸಿದರು. ಆ ಪರಂಪರೆಯ ಮುಂದಿನ ಕೋಷ್ಟಕಗಳ ಪ್ರಕಾರ, 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕವಿದ್ದರೆ, ಗಿರಣಿಯ ಬಿಳಿಯಕ್ಕಿಯಲ್ಲಿ ಸುಮಾರು 7 ಗ್ರಾಂ ಮಾತ್ರ. ಹುರುಳಿಯಲ್ಲಿ 22 ಗ್ರಾಂ, ಶೇಂಗಾದಲ್ಲಿ 25. ರೊಟ್ಟಿ, ಹುರುಳಿ, ಸೊಪ್ಪು, ಶೇಂಗಾಪುಡಿ, ಮಜ್ಜಿಗೆ ಇವು ಕೂಡಿದ ಊಟ, ಹೆಚ್ಚು ಬೆಲೆಯ ಪದಾರ್ಥಗಳಿಲ್ಲದೆಯೂ, ಶರೀರಕ್ಕೆ ಪುಷ್ಟಿಕರವಾದುದೇ ಸರಿ.

ಆದರೆ ಈ ಚಿತ್ರವನ್ನು ಇಲ್ಲಿಗೇ ನಿಲ್ಲಿಸಿ ಹಿಂದಿನವರ ಜಾಣ್ಮೆಯನ್ನು ಹೊಗಳಿ ಮುಗಿಸಿದರೆ ಅರ್ಧ ಚರಿತ್ರೆಯನ್ನು ಹೇಳಿದಂತಾಗುತ್ತದೆ. ಹಗೇವು ಇದ್ದುದು ಹೊಲವಿದ್ದವನಿಗೆ. ಕೂಲಿಯವನ ಮನೆಯಲ್ಲಿ ಗಡಿಗೆಯೇ ಕಣಜ. 1800ರಿಂದ 1807ರವರೆಗೆ ದತ್ತಮಂಡಲಗಳ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ 1813ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಮುಂದೆ ಸಾಕ್ಷ್ಯ ನುಡಿಯುತ್ತ, ಹೊಲದ ಕೂಲಿಯಾಳಿನ ಸಂಪಾದನೆ ತಿಂಗಳಿಗೆ 4ರಿಂದ 6 ಷಿಲ್ಲಿಂಗು, ಒಬ್ಬರ ಜೀವನದ ವೆಚ್ಚ ವರ್ಷಕ್ಕೆ 18ರಿಂದ 27 ಷಿಲ್ಲಿಂಗು ಎಂದು ತಿಳಿಸಿದನು. ಈ ಅಂಕಿಗಳಿಂದ ನಾವೇ ಒಂದು ಲೆಕ್ಕ ಹಾಕಿ ನೋಡಬಹುದು. ವರ್ಷದ ಹನ್ನೆರಡು ತಿಂಗಳೂ ಕೆಲಸ ಸಿಕ್ಕಿದರೆ ಕೂಲಿ 48ರಿಂದ 72 ಷಿಲ್ಲಿಂಗು. ಐದು ಜನರ ಸಂಸಾರದ ವೆಚ್ಚ 90ರಿಂದ 135. ಒಬ್ಬನ ದುಡಿಮೆಯಿಂದ ಮನೆ ನಡೆಯದು; ಹೆಂಡತಿಯೂ ಮಕ್ಕಳೂ ಹೊಲಕ್ಕೆ ಇಳಿಯಲೇಬೇಕು. ಅಲ್ಲಿ ಎಷ್ಟು ಜಾಣತನವಿದ್ದರೂ ಕೆಟ್ಟ ಕಾಲಕ್ಕೆಂದು ಉಳಿಸಲು ಏನೂ ಇರುತ್ತಿರಲಿಲ್ಲ.

ಈ ವ್ಯತ್ಯಾಸ ಎಂಥದೆಂಬುದನ್ನು ಧಾತು ಈಶ್ವರ ಸಂವತ್ಸರಗಳ ಬರ ತೋರಿಸಿಕೊಟ್ಟಿತು. 1876ರಲ್ಲಿ ಮುಂಗಾರೂ ಹಿಂಗಾರೂ ಕೈಕೊಟ್ಟುವು. ಬಳ್ಳಾರಿಯವರೆಗೆ ರೈಲು ಬಂದಿದ್ದಿತು. ಆದರೆ ಈ ಪಶ್ಚಿಮದ ತಾಲ್ಲೂಕುಗಳಿಗೆ ಕಾಳು ಬಂಡಿಯ ಮೇಲೆಯೇ ಬರಬೇಕು, ಬಂಡಿಯ ಎತ್ತುಗಳೋ ಮೇವಿಲ್ಲದೆ ಬೀಳುತ್ತಿದ್ದುವು. ಹೊಸಪೇಟೆಯಿಂದ ಕೊಟ್ಟೂರಿಗೆ ರೈಲು ಬಂದುದು 1905ರಲ್ಲಿ. ಧಾರಣೆ ಕೂಲಿಯವನ ಕೈಗೆ ಎಟುಕದಂತಾಯಿತು. ಜನ ಸರ್ಕಾರದ ಪರಿಹಾರ ಕಾಮಗಾರಿಗಳಿಗೆ ಹೋಗಿ ಕಲ್ಲು ಒಡೆದರು, ಮಣ್ಣು ಹೊತ್ತರು.

ಆಗ ಸರ್ಕಾರವೂ ಒಂದು ಮಿತವ್ಯಯವನ್ನು ಕೈಗೊಂಡಿತು. ವೈಸರಾಯ್ ಲಿಟ್ಟನ್ ಪ್ರಭುವು ಕ್ಷಾಮದ ವೆಚ್ಚವನ್ನು ಹತೋಟಿಗೆ ತರಲೆಂದು ಕಳುಹಿಸಿದ ಸರ್ ರಿಚರ್ಡ್ ಟೆಂಪಲ್, 1877ರ ಆರಂಭದಲ್ಲಿ ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯವೂ ಮೇಲುಖರ್ಚಿಗೆ ಅಲ್ಪ ಕಾಸೂ ಸಾಕೆಂದು ಗೊತ್ತುಪಡಿಸಿದನು. ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಮೆ. ಮದರಾಸಿನ ಆರೋಗ್ಯಾಧಿಕಾರಿಯಾದ ಡಾಕ್ಟರ್ ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದನು. ದುಡಿಯುವ ದೇಹಕ್ಕೆ ಕಡೆಯ ಪಕ್ಷ ಒಂದೂವರೆ ಪೌಂಡು ಧಾನ್ಯವೂ, ಅದರ ಜೊತೆಗೆ ಬೇಳೆಕಾಳು ತರಕಾರಿಗಳೂ ಬೇಕೆಂದು ವಾದಿಸಿದನು. 450 ಗ್ರಾಂ ಜೋಳದಿಂದ ದೊರೆಯುವ ಶಕ್ತಿ ಸುಮಾರು 1,600 ಕ್ಯಾಲೊರಿ. ದಿನವಿಡೀ ಮೈಮುರಿದು ದುಡಿಯುವವನಿಗೆ 3,000 ಕ್ಯಾಲೊರಿಗೂ ಮಿಗಿಲಾಗಿ ಬೇಕೆಂಬುದು ಇಂದು ತಿಳಿದ ವಿಷಯ. ಮದರಾಸು ಸರ್ಕಾರ ಅದೇ ವರ್ಷ ಧಾನ್ಯವನ್ನು ಭಾಗಶಃ ಏರಿಸಿ ಸ್ವಲ್ಪ ಬೇಳೆಯನ್ನೂ ಸೇರಿಸಿತು. ಆದರೆ ಅಷ್ಟರಲ್ಲಿ ಬಹಳ ಜನ ಸೊರಗಿಹೋಗಿದ್ದರು. ಸೊರಗಿದ ಮೈಗೆ ಕಾಲರಾ, ಜ್ವರಗಳು ಸುಲಭವಾಗಿ ಅಂಟಿದುವು. 1871 ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದನೆಯ ಒಂದು ಪಾಲು ಕುಗ್ಗಿತು. 1880ರಲ್ಲಿ ಕ್ಷಾಮ ಆಯೋಗದ ವರದಿ, ಅದರ ಹಿಂದೆ ಕ್ಷಾಮ ಸಂಹಿತೆಗಳು ಬಂದುವು. ಹೋದ ಜೀವಗಳು ಮಾತ್ರ ಬರಲಿಲ್ಲ.

ಒಂದೇ ಸೀಮೆಯ ಈ ಎರಡು ಲೆಕ್ಕಗಳನ್ನು ನಾವು ಎದುರುಬದುರಾಗಿ ಇಟ್ಟು ನೋಡಬೇಕು. ಗೃಹಿಣಿಯು ಸೇರು ಹಿಡಿದು ಅಳೆಯುವಾಗ ಉಣ್ಣುವವರ ಮುಖ ಅವಳ ಕಣ್ಣೆದುರಿಗಿರುತ್ತದೆ. ಬಸುರಿಗೆ ಎಷ್ಟು, ಹೊಲದಿಂದ ಬಂದವನಿಗೆ ಎಷ್ಟು, ಮುದುಕರಿಗೆ ಮೆತ್ತಗೆ ಏನು ಬೇಕು ಎಂಬುದನ್ನು ಮೊದಲು ನೋಡಿ, ಉಳಿತಾಯವನ್ನು ಅವಳು ಆಮೇಲೆ ಹುಡುಕುತ್ತಾಳೆ. ಟೆಂಪಲನು ಉಳಿತಾಯವನ್ನು ಮೊದಲು ಗೊತ್ತುಮಾಡಿ, ಹಸಿವನ್ನು ಅದಕ್ಕೆ ಹೊಂದಿಸಲು ಹೊರಟನು. ಮೊದಲನೆಯದು ಮಿತವ್ಯಯ, ಎರಡನೆಯದಕ್ಕೆ ಆ ಹೆಸರು ಸಲ್ಲದು. ಅನ್ನದ ಋಣಕ್ಕೆ ಜೋಳವಾಳಿ ಎಂದು ಹೆಸರಿಟ್ಟ ನಮ್ಮ ಹಳಗನ್ನಡದ ಜನರಿಗೆ ಈ ಭೇದ ಚೆನ್ನಾಗಿ ತಿಳಿದಿದ್ದಿತು.

ಅಲ್ಲಿಂದೀಚೆಗೆ ಬಹಳವು ಬದಲಾಗಿವೆ. 1945ರಲ್ಲಿ ಕೆಲಸ ಮೊದಲಾದ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. ಅದರ ಹಿನ್ನೀರಿನಲ್ಲಿ ಈ ಕಡೆಯ ಹೊಳೆಸಾಲಿನ ಊರುಗಳೂ ಮುಳುಗಿದುವು. ಕಾಲುವೆಯ ನೀರು ಬಹುಮಟ್ಟಿಗೆ ಪೂರ್ವದ ತಾಲ್ಲೂಕುಗಳಿಗೆ ಹೋಯಿತು. ಭತ್ತ ಬೆಳೆಯದ ಊರಿನಲ್ಲಿಯೂ ಅನ್ನವು ದಿನದ ಊಟವಾಯಿತು. ಹಗೇವುಗಳು ಮುಚ್ಚಿಹೋದುವು, ಹಿಟ್ಟಿನ ಗಿರಣಿ ಬೀಸುಕಲ್ಲನ್ನು ಮೂಲೆಗೆ ಸೇರಿಸಿತು. ಆ ಕಲ್ಲಿನ ಮುಂದೆ ಬೆಳಗಿನ ನಿದ್ದೆಯನ್ನು ಕಳೆದುಕೊಂಡವರು ಅದಕ್ಕಾಗಿ ಮರುಗಲಾರರು, ನಾವೂ ಮರುಗಬೇಕಾದುದಿಲ್ಲ. 2013ರ ಆಹಾರ ಭದ್ರತಾ ಕಾಯಿದೆಯು ಆದ್ಯತೆಯ ಕುಟುಂಬಗಳಲ್ಲಿ ತಲೆಗೆ ತಿಂಗಳಿಗೆ 5 ಕಿಲೋಗ್ರಾಂ ಧಾನ್ಯವನ್ನು ಹಕ್ಕಾಗಿ ಮಾಡಿತು. ಅದೇ ವರ್ಷ ಕರ್ನಾಟಕದಲ್ಲಿ ಅನ್ನಭಾಗ್ಯ ಮೊದಲಾಯಿತು. ಹಗೇವಿಲ್ಲದವನಿಗೂ ಒಂದು ಹಗೇವು ದೊರೆತಂತಾಯಿತು. ಆದರೂ 5 ಕಿಲೋ ಎಂದರೆ ದಿನಕ್ಕೆ 170 ಗ್ರಾಮಿಗೂ ಕಡಮೆ. ಮಿಕ್ಕ ಹಸಿವನ್ನು ಮನೆಯೇ ತುಂಬಬೇಕು. ಬೇಳೆ, ಸೊಪ್ಪು, ಮಜ್ಜಿಗೆಗಳಿಗೆ ಹಣ ಉಳಿಯದಿದ್ದರೆ ಹೊಟ್ಟೆ ತುಂಬಿದರೂ ಮೈ ತುಂಬದು.

ಈ ಚರಿತ್ರೆಯಿಂದ ಪಟ್ಟಣದ ಗೃಹಸ್ಥರಾದ ನಾವು ಕಲಿಯತಕ್ಕುದು ಉಂಟು. ಬೆಲೆ ಇಳಿದ ಕಾಲದಲ್ಲಿ ಕೆಡದ ಧಾನ್ಯವನ್ನು ಕೊಂಡಿಡುವುದು, ಪುಡಿಗಳನ್ನು ಮನೆಯಲ್ಲಿಯೇ ಕುಟ್ಟಿಕೊಳ್ಳುವುದು, ಬಿಳಿಯಕ್ಕಿಯ ಒಂದು ಭಾಗಕ್ಕೆ ಬದಲಾಗಿ ಜೋಳ ನವಣೆಗಳನ್ನು ಬಳಸುವುದು, ಕಾಳಿನ ಕಟ್ಟನ್ನು ಚೆಲ್ಲದಿರುವುದು, ಒಂದು ಉರಿಗೆ ಎರಡು ಕೆಲಸ ಮಾಡಿಸುವುದು ಯಾವ ಮನೆಗೂ ಅಸಾಧ್ಯವಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ನಿಜ. ಆದರೆ ಹಾಸಿಗೆಯೇ ಇಲ್ಲದವನಿಗೆ ಆ ಗಾದೆಯನ್ನು ಹೇಳಹೋಗುವುದು ಉಚಿತವಲ್ಲ. ನಮ್ಮ ಮನೆಯ ಕೆಲಸದವರಿಗೂ ಹೊಲಗದ್ದೆಯ ಕೂಲಿಯವರಿಗೂ ಮಿತವ್ಯಯವನ್ನು ಬೋಧಿಸುವ ಮುನ್ನ, ಅವರ ಕೈಗೆ ಉಳಿಸುವಷ್ಟು ಬರುತ್ತಿದೆಯೇ ಎಂದು ನಾವು ಕೇಳಿಕೊಳ್ಳಬೇಕು. ಕೂಡ್ಲಿಗಿ ಹರಪನಹಳ್ಳಿಗಳ ಮಸಾರಿಯ ನೆಲದಲ್ಲಿ ಒಂದು ಮುಷ್ಟಿ ಕಾಳಿನ ಬೆಲೆಯನ್ನು ಅರಿತು ಬಾಳಿದ ಮನೆಗಳು, ಉಣ್ಣುವವರ ಹೊಟ್ಟೆಯನ್ನು ಮೊದಲು ನೋಡಿ ಆಮೇಲೆ ಸೇರನ್ನು ಕೈಗೆ ತೆಗೆದುಕೊಂಡುವು. ಆ ಕ್ರಮ ಮನೆಗೆ ಹೇಗೋ ರಾಜ್ಯಕ್ಕೂ ಹಾಗೆಯೇ ಸಲ್ಲುತ್ತದೆ.